ಗೇರಾ ಬೆಟ್ಟದ ದಂಗಲೆಯಾತ್ ಯಾರ ಮನೆಯ ನುಡಿ?

ಪ್ರಶ್ನೆ: ಸರ್, ಮಗಳ ಶಾಲೆಯ ಪ್ರಾಜೆಕ್ಟ್‌ಗೆ ಜಗತ್ತಿನ ನುಡಿಗಳ ಮರ ಬರೆಯುತ್ತಿದ್ದೇವೆ. ಹೆಸರು ಮಜವಾಗಿದೆ ಅಂತ ಅವಳು ಚಾಡ್ ದೇಶದ ದಂಗಲೆಯಾತ್ ಆರಿಸಿಕೊಂಡಳು. ಅದು ಅರಬ್ಬಿಯ ಬಳಗ ಅಂತ ಒಂದು ಕಡೆ ಓದಿದೆವು, ಹೌಸಾದ ಬಳಗ ಅಂತ ಇನ್ನೊಂದು ಕಡೆ. ಸದ್ಯಕ್ಕೆ ಅರಬ್ಬಿಯ ಕೆಳಗೆ ಗೆರೆ ಎಳೆದಿದ್ದೇವೆ. ಸರಿನಾ? ಚಾಡಿಕ್ ಅಂದರೇನು? ಬರಹವೇ ಇಲ್ಲದ ನುಡಿಗಳ ಸಂಬಂಧ ಹೇಗೆ ಗೊತ್ತಾಗುತ್ತದೆ?

ಉತ್ತರ: ಗೆರೆಯನ್ನು ಪೆನ್ಸಿಲ್‌ನಲ್ಲಿ ಎಳೆದಿದ್ದರೆ ಒಳ್ಳೆಯದಾಯಿತು. ಅಳಿಸಬೇಕಾಗುತ್ತದೆ. ಅರಬ್ಬಿಯ ಕೆಳಗೆ ಬರೆದರೆ ದಂಗಲೆಯಾತ್ ಅರಬ್ಬಿಯಿಂದ ಹುಟ್ಟಿದ ನುಡಿ ಅಂತಾಗುತ್ತದೆ. ಅದು ತಪ್ಪು. ಆದರೆ ನೀವು ಓದಿದ ಎರಡೂ ಮಾತಿನಲ್ಲಿ ಸತ್ಯ ಇದೆ. ಪಶ್ಚಿಮ ಆಫ್ರಿಕಾದ ದೊಡ್ಡ ನುಡಿ ಹೌಸಾ ಅದಕ್ಕೆ ದಾಯಾದಿ. ಅರಬ್ಬಿಯದು ಎಷ್ಟೋ ತಲೆಮಾರು ಹಿಂದಿನ, ದೂರದ ನಂಟು. ಜೊತೆಗೆ ಅರಬ್ಬಿ ಈಗ ಅದರ ಪಕ್ಕದ ಮನೆಯಲ್ಲೇ ಬಂದು ಕೂತಿದೆ. ಹಾಗಾಗಿ ಯಾವುದು ನಂಟು, ಯಾವುದು ನೆರೆ ಅಂತ ಬಿಡಿಸಿ ನೋಡದಿದ್ದರೆ ಎಡವಟ್ಟಾಗುತ್ತದೆ.

ಮೊದಲು ಊರು ನೋಡೋಣ. ಚಾಡ್‌ನ ರಾಜಧಾನಿ ಎನ್‌ಜಮೆನಾ ದೇಶದ ಪಶ್ಚಿಮದ ಅಂಚಿನಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 400 ಕಿ.ಮೀ. ಹೋದರೆ ಬಯಲಿನ ನಡುವೆ ಕಲ್ಲುಗುಡ್ಡಗಳ ಸಾಲು ಸಿಗುತ್ತದೆ. ಅದೇ ಗೇರಾ ಸೀಮೆ. ಎತ್ತರದ ಶಿಖರ 1600 ಮೀಟರ್ ದಾಟುತ್ತದೆ. ಮೋಂಗೊ ಅಲ್ಲಿನ ಮುಖ್ಯ ಪಟ್ಟಣ, ಬಿಟ್ಕಿನ್ ಇನ್ನೊಂದು. ದಂಗಲೆಯಾತ್ ಆಡುವವರು ಹೆಚ್ಚಾಗಿ ಬಿಟ್ಕಿನ್ ಸುತ್ತಿನ ಹಳ್ಳಿಗಳವರು. ಕೊರ್ಬೊ ಅನ್ನುವ ಊರಿನ ಹೆಸರು ಈ ನುಡಿಯ ಬಗ್ಗೆ ಓದುವಾಗ ಪದೇ ಪದೇ ಸಿಗುತ್ತದೆ. ಆಡುವವರ ಸಂಖ್ಯೆ ಲಕ್ಷ ಮುಟ್ಟುವುದಿಲ್ಲ, ಕೆಲವು ಹತ್ತು ಸಾವಿರದ ಲೆಕ್ಕ. ಅಷ್ಟರಲ್ಲೇ ಪಶ್ಚಿಮದ್ದು, ನಡುವಿನದು, ಪೂರ್ವದ್ದು ಅಂತ ಮೂರು ಬಗೆ ಇವೆ. ಪುಸ್ತಕಗಳಲ್ಲಿ ದಂಗಲಾ ಅಂತ ಕಂಡರೆ ಗಾಬರಿ ಬೇಡ, ಇದೇ ನುಡಿ.

ಗೇರಾದ ಜನರನ್ನೆಲ್ಲ ಒಟ್ಟಾಗಿ ಹಜೆರಾಯ್ ಅಂತ ಕರೆಯುತ್ತಾರೆ. ಅರಬ್ಬಿಯಲ್ಲಿ ಹಜರ್ ಅಂದರೆ ಕಲ್ಲು. ಅಂದರೆ ಕಲ್ಲುಬೆಟ್ಟದವರು ಅಂತ ಅರ್ಥ. ಹೊರಗಿನವರು ಇಟ್ಟ ಹೆಸರು ಅಂತ ನೋಡಿದ ಕೂಡಲೇ ತಿಳಿಯುತ್ತದೆ, ಅಲ್ವಾ? ಪೂರ್ವದಲ್ಲಿ ವಾದಾಯ್, ಪಶ್ಚಿಮದಲ್ಲಿ ಬಾಗಿರ್ಮಿ ಅಂತ ಎರಡು ರಾಜ್ಯಗಳಿದ್ದವು. ಅವರ ಕುದುರೆ ಸವಾರರು ಗುಲಾಮರನ್ನು ಹಿಡಿಯಲು ದಾಳಿ ಮಾಡುತ್ತಿದ್ದ ಕಾಲದಲ್ಲಿ ಬೆಟ್ಟವೇ ಜನರಿಗೆ ಕೋಟೆಯಾಗಿತ್ತು. ಒಂದೊಂದು ಗುಡ್ಡಕ್ಕೂ ಮರ್ಗಾಯ್ ಅನ್ನುವ ಸ್ಥಳದ ಶಕ್ತಿ ಇದೆ ಅಂತ ನಂಬಿಕೆ. ಮಳೆ, ಬೆಳೆ, ಕಾಯಿಲೆ ಎಲ್ಲದಕ್ಕೂ ಅದನ್ನೇ ಕೇಳುತ್ತಿದ್ದರು. ಇಸ್ಲಾಂ ಮತ್ತು ಕ್ರೈಸ್ತ ಧರ್ಮ ಬಂದ ಮೇಲೂ ಅದು ಪೂರ್ತಿ ಅಳಿದಿಲ್ಲ.

ಇಲ್ಲಿ ಒಂದು ಸ್ವಾರಸ್ಯ ಇದೆ. ಹಜೆರಾಯ್ ಅನ್ನುವುದು ಒಂದೇ ಹೆಸರು, ಆದರೆ ಅದರ ಕೆಳಗಿನ ನುಡಿಗಳು ಒಂದೇ ಮನೆಯವಲ್ಲ. ದಂಗಲೆಯಾತ್ ಹಳ್ಳಿಗಳ ನೆರೆಯಲ್ಲೇ ಕೆಂಗಾ ನುಡಿಯವರಿದ್ದಾರೆ. ಅವರಿಗೂ ಮರ್ಗಾಯ್ ಇದೆ, ಅವರದೂ ಅದೇ ಬೆಟ್ಟದ ಬದುಕು. ಆದರೆ ಕೆಂಗಾ ಸೇರುವುದು ಮಧ್ಯ ಸುಡಾನಿಕ್ ಅನ್ನುವ ಬೇರೆಯೇ ಕುಟುಂಬಕ್ಕೆ. ಬಾಗಿರ್ಮಿ, ಸಾರಾ ನುಡಿಗಳ ಸಾಲು ಅದು. ಮೋಂಗೊ ಕಡೆ ದಾಜು ನುಡಿ ಇದೆ. ಅದು ಪೂರ್ವ ಸುಡಾನಿಕ್ ಅನ್ನುವ ಇನ್ನೊಂದು ಸಾಲು. ಇವೆಲ್ಲದರ ಮೇಲೆ ಸಂತೆಯ ನುಡಿಯಾಗಿ ಚಾಡ್‌ನ ಅರಬ್ಬಿ.

ನಮ್ಮಲ್ಲೂ ಇಂಥದ್ದಕ್ಕೆ ಒಂದು ಹೆಸರಾಂತ ಊರಿದೆ. ಕರ್ನಾಟಕದ ಗಡಿಯ ಆಚೆ, ಸಾಂಗ್ಲಿ ಜಿಲ್ಲೆಯ ಕುಪ್ವಾಡ. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಅದರ ಬಗ್ಗೆ ಬರೆದ ಲೇಖನವನ್ನು ಇವತ್ತಿಗೂ ಭಾಷಾವಿಜ್ಞಾನದ ತರಗತಿಗಳಲ್ಲಿ ಓದಿಸುತ್ತಾರೆ. ಅಲ್ಲಿ ಕನ್ನಡ, ಮರಾಠಿ, ಉರ್ದು ನೂರಾರು ವರ್ಷ ಒಟ್ಟಿಗೆ ಬಾಳಿ ವಾಕ್ಯ ಕಟ್ಟುವ ರೀತಿಯೇ ಒಂದಾಗಿಬಿಟ್ಟಿದೆ. ಹಾಗಂತ ಕುಪ್ವಾಡದ ಕನ್ನಡ ಮರಾಠಿಯ ಮಗಳಾಗಲಿಲ್ಲ. ಗೇರಾದಲ್ಲೂ ಇದನ್ನು ನೆನಪಿಟ್ಟುಕೊಳ್ಳಬೇಕು. ಒಂದೇ ದೇವರು, ಒಂದೇ ಸಂತೆ ಅಂದ ಮಾತ್ರಕ್ಕೆ ಒಂದೇ ನುಡಿಕುಟುಂಬ ಆಗುವುದಿಲ್ಲ.

ಈಗ ಚಾಡಿಕ್. ಚಾಡಿ ಹೇಳುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಚಾಡ್ ಸರೋವರದಿಂದ ಬಂದ ಹೆಸರು. (ಪಾಠ ಮಾಡುವಾಗ ಈ ಜೋಕು ಪ್ರತಿ ವರ್ಷ ಯಾರಾದರೂ ಒಬ್ಬರು ಮಾಡುತ್ತಿದ್ದರು. ಆಮೇಲೆ ಆಮೇಲೆ ನಾನೇ ಮೊದಲು ಮಾಡಿ ಮುಗಿಸಿಬಿಡುತ್ತಿದ್ದೆ.) ಆ ಸರೋವರದ ಸುತ್ತ ನೈಜೀರಿಯಾ, ನೈಜರ್, ಕ್ಯಾಮರೂನ್, ಚಾಡ್ ದೇಶಗಳಲ್ಲಿ ಹರಡಿರುವ 150ಕ್ಕೂ ಹೆಚ್ಚು ನುಡಿಗಳ ಗುಂಪು ಇದು. ಕೋಟಿಗಟ್ಟಲೆ ಜನ ಆಡುವ ಹೌಸಾ ಇದರಲ್ಲಿ ಆನೆ ಇದ್ದ ಹಾಗೆ. ಉಳಿದವು ಬಹುಪಾಲು ಸಣ್ಣ ನುಡಿಗಳು. ಕೆಲವನ್ನು ನಾಲ್ಕಾರು ಹಳ್ಳಿಯವರು ಮಾತ್ರ ಆಡುತ್ತಾರೆ.

ಚಾಡಿಕ್ ತಾನೇ ಒಂದು ಕೊಂಬೆ. ಮರದ ಹೆಸರು ಆಫ್ರೋ-ಏಷಿಯಾಟಿಕ್. ಅದರ ಇನ್ನೊಂದು ಕೊಂಬೆ ಸೆಮಿಟಿಕ್. ಅರಬ್ಬಿ, ಹೀಬ್ರೂ, ಇಥಿಯೋಪಿಯಾದ ಅಮ್ಹಾರಿಕ್ ಅದರಲ್ಲಿವೆ. ಪಿರಮಿಡ್ ಕಟ್ಟಿದವರ ಈಜಿಪ್ಟ್ ನುಡಿ ಇನ್ನೊಂದು ಕೊಂಬೆ. ಉತ್ತರ ಆಫ್ರಿಕಾದ ಬರ್ಬರ್ ನುಡಿಗಳು, ಸೊಮಾಲಿಯಂಥ ಕುಶಿಟಿಕ್ ನುಡಿಗಳು, ಇಥಿಯೋಪಿಯಾದ ಒಮೊಟಿಕ್ ನುಡಿಗಳು ಬೇರೆ ಬೇರೆ ಕೊಂಬೆಗಳು. ನಿಮ್ಮ ಮಗಳ ಮರದಲ್ಲಿ ಅರಬ್ಬಿ ಮತ್ತು ದಂಗಲೆಯಾತ್ ಒಂದೇ ಬುಡದ ಮೇಲೆ ಇರಬೇಕು, ಆದರೆ ಬೇರೆ ಬೇರೆ ಕೊಂಬೆಯಲ್ಲಿ.

ಇದು ಒಮ್ಮೆಗೇ ಒಪ್ಪಿಗೆಯಾದ ಮಾತಲ್ಲ. 1930ರ ದಶಕದಲ್ಲಿ ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಯೊಹಾನೆಸ್ ಲೂಕಾಸ್ ಚಾಡ್ ಸರೋವರದ ಸುತ್ತಲ ನುಡಿಗಳನ್ನು ಎರಡು ಪಾಲು ಮಾಡಿದ್ದರು. ಗಂಡು-ಹೆಣ್ಣು ಲಿಂಗಭೇದ ಇರುವವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಆ ಕಾಲದಲ್ಲಿ ನುಡಿಯ ಜೊತೆ ಮೈಬಣ್ಣವನ್ನೂ ಬೆರೆಸಿ ಯೋಚಿಸುವ ಚಾಳಿ ಇತ್ತು. ಬಿಳಿಚರ್ಮದ ಹ್ಯಾಮಿಟಿಕ್ ಜನ ಬಂದು ಕರಿಯರಿಗೆ ವ್ಯಾಕರಣ ಕೊಟ್ಟರು ಅನ್ನುವಂಥ ಮಾತುಗಳು. ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್ ಅದನ್ನೆಲ್ಲ ಗುಡಿಸಿ ಹಾಕಿದರು. ಲಿಂಗಭೇದ ಕಳೆದುಹೋಗಬಹುದು, ಹಾಗಾಗಿ ಅದೊಂದೇ ಅಳತೆಗೋಲಾಗದು, ಪದಗಳನ್ನು ನೋಡಿ ಅಂದರು. 1963ರ ಅವರ ಪುಸ್ತಕದಲ್ಲಿ ಈ ಎಲ್ಲ ನುಡಿಗಳೂ ಒಂದೇ ಕೊಂಬೆಯಾಗಿ ನಿಂತವು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಬರಹ ಇಲ್ಲದೆ ಹೇಗೆ ಗೊತ್ತಾಗುತ್ತದೆ? ಉಪಾಯ ಸರಳ, ಕೆಲಸ ಬೇಜಾರಿನದು. ಸುಲಭಕ್ಕೆ ಸಾಲ ತರದ ಪದಗಳನ್ನು ಜೋಡಿಸಿ ನೋಡುವುದು. ಕನ್ನಡದಲ್ಲಿ ಕಚೇರಿ, ಕಾಗದ, ದರ್ಜಿ ಹೊರಗಿನಿಂದ ಬಂದವು. ಕೈ, ಕಾಲು, ನೀರು, ಸಾಯು ಮನೆಯವು. ಮೊದಲಿನವನ್ನು ಮಾತ್ರ ನೋಡಿದರೆ ಕನ್ನಡ ಪಾರಸಿಯ ತಂಗಿ ಅನ್ನಿಸಿಬಿಡುತ್ತದೆ. ದಂಗಲೆಯಾತ್‌ಗೂ ಚಾಡ್‌ನ ಅರಬ್ಬಿಯಿಂದ ವ್ಯಾಪಾರ, ಧರ್ಮ, ಆಡಳಿತದ ಪದಗಳು ಬಂದಿವೆ. ಅವನ್ನು ಪಕ್ಕಕ್ಕೆ ಇಡಬೇಕು.

ಪಕ್ಕಕ್ಕಿಟ್ಟ ಮೇಲೆ ಏನು ಉಳಿಯುತ್ತದೆ ನೋಡಿ. ಸಾಯುವುದಕ್ಕೆ ಅರಬ್ಬಿಯಲ್ಲಿ ಮಾತ, ಹೀಬ್ರೂವಿನಲ್ಲಿ ಮೇತ್, ಹೌಸಾದಲ್ಲಿ ಮುತು. ಹಳೆಯ ಈಜಿಪ್ಟ್ ಬರಹದಲ್ಲೂ ಮ, ತ ವ್ಯಂಜನಗಳೇ. ದಂಗಲೆಯಾತ್ ಮತ್ತು ಅದರ ಒಡಹುಟ್ಟಿದ ನುಡಿಗಳಲ್ಲೂ ಮ-ತ ಅನ್ನುವ ಇದೇ ಎಲುಬು. ಅರಬ್ಬಿಯಿಂದ ಸಾಲ ತಂದಿದ್ದಲ್ಲವೇ ಅಂತ ನೀವು ಕೇಳಬಹುದು. ಅರಬ್ಬಿ ಆಡುವವರು ಈ ಸೀಮೆಗೆ ಬಂದು ಕೆಲವು ನೂರು ವರ್ಷ ಆಗಿದೆ ಅಷ್ಟೆ. ಮ-ತ ಅವರು ಕಾಲಿಡದ ಗುಡ್ಡಗಾಡಿನ ಚಾಡಿಕ್ ನುಡಿಗಳಲ್ಲೂ ಇದೆ, ಪ್ರತಿಯೊಂದರಲ್ಲೂ ಆ ನುಡಿಯದೇ ವ್ಯಾಕರಣಕ್ಕೆ ಒಗ್ಗಿಕೊಂಡು. ಅಷ್ಟೂ ನುಡಿಗಳು ಸಾವಿಗೆ ಮಾತ್ರ ಅರಬ್ಬಿ ಪದ ಕಡ ತಂದವು ಅನ್ನುವುದಕ್ಕಿಂತ ಎಲ್ಲರಿಗೂ ಒಂದೇ ಅಜ್ಜಿಯಿಂದ ಬಂದಿದೆ ಅನ್ನುವುದು ನಂಬುವ ಮಾತು.

ಇಲ್ಲಿ ನಮ್ಮವರು ಇನ್ನೊಂದು ಪ್ರಶ್ನೆ ಎತ್ತುತ್ತಾರೆ. ಮೃತ, ಮರಣ ಕೂಡ ಮಕಾರದಲ್ಲೇ ಇವೆಯಲ್ಲ? ಅದು ಕಾಕತಾಳೀಯ. ಸಂಸ್ಕೃತದ ಧಾತು ಮೃ, ಅದರಲ್ಲಿ ತ ಇಲ್ಲ. ತ ಆಮೇಲೆ ಹತ್ತಿದ ಬಾಲ. ಒಂದು ಪದ ಒಂದೇ ಥರ ಕೇಳಿಸಿತು ಅಂತ ನಂಟು ಕಟ್ಟುವ ಹಾಗಿಲ್ಲ. ನೀರಿನ ಪದ ನೋಡಿ, ಇನ್ನೂ ಚೆನ್ನಾಗಿದೆ. ನೈಜೀರಿಯಾದ ಎನ್ಗಿಜಿಮ್ ನುಡಿಯಲ್ಲಿ ನೀರಿಗೆ ಅಮ್, ಬೋಲೆ ನುಡಿಯಲ್ಲಿ ಅಮ್ಮಾ. ಹಾಗಂತ ನಮ್ಮ ಅಮ್ಮ ನೀರಾಗುವುದಿಲ್ಲ!

ಆದರೆ ಅಮ್ಮಾ ಮತ್ತು ಅಮ್ ಒಂದಕ್ಕೊಂದು ನಿಜವಾಗಿ ನಂಟು. ಅಲ್ಲಿಂದ ನೂರಾರು ಕಿಲೋಮೀಟರ್ ಪೂರ್ವದ ದಂಗಲೆಯಾತ್‌ನಲ್ಲೂ ನೀರಿನ ಪದ ಅಮ್ಮ್ ಅಂತಲೇ ಶುರುವಾಗುತ್ತದೆ. ನನಗೆ ಈ ಪದ ಇಷ್ಟವಾಗಲು ಕಾರಣ ಹೌಸಾ. ಹೌಸಾದಲ್ಲಿ ನೀರಿಗೆ ರುವಾ ಅನ್ನುತ್ತಾರೆ. ಕೋಟಿಗಟ್ಟಲೆ ಜನ ಆಡುವ ದೊಡ್ಡ ನುಡಿ ಹಳೆಯ ಪದ ಬಿಟ್ಟಿದೆ, ಬೆಟ್ಟದ ಸಂದಿಯ ಸಣ್ಣ ನುಡಿ ಉಳಿಸಿಕೊಂಡಿದೆ. ಚಾಡಿಕ್ ಅಂದರೆ ಹೌಸಾ ಅಂತ ತಿಳಿದು ಹೌಸಾ ಒಂದನ್ನೇ ಅರಬ್ಬಿಯ ಪಕ್ಕ ಇಟ್ಟು ನೋಡಿದವರು ಹಿಂದೆ ಬೇಕಾದಷ್ಟು ಜನ ಇದ್ದರು. ಪಾಪ, ಅವರಿಗೆ ನೀರೇ ಸಿಗಲಿಲ್ಲ.

ಪದ ಒಂದೇ ಥರ ಇರಬೇಕು ಅಂತಲೂ ಇಲ್ಲ. ಲೆಕ್ಕ ಹಾಕಿದಂತೆ ಬದಲಾಗಿರಬೇಕು. ತಮಿಳಿನ ಪಾಲ್ ಕನ್ನಡದಲ್ಲಿ ಹಾಲು, ಪಲ್ ಹಲ್ಲು, ಪುಲಿ ಹುಲಿ. ಈ ಸಾಲು ನೋಡಿದರೆ ಪಕಾರ ಹಕಾರವಾಗಿದ್ದು ತಾನೇ ಕಾಣುತ್ತದೆ. ಚಾಡಿಕ್‌ನಲ್ಲಿ ನಾಲ್ಕು ಅನ್ನುವ ಎಣಿಕೆ ಇಂಥದ್ದೇ. ಹೌಸಾದಲ್ಲಿ ಹುಡು. ದಂಗಲೆಯಾತ್‌ನಲ್ಲಿ ಪೂಡ್. ಎರಡರಲ್ಲೂ ಆ ಡಕಾರ ನಮ್ಮದಲ್ಲ, ಅದರ ಮಾತು ಆಮೇಲೆ. ಕನ್ನಡದವರಿಗೆ ಥಟ್ಟನೆ ಅನ್ನಿಸುವುದು, ಓಹೋ, ಪ ಹಳೆಯದು, ಹೌಸಾದಲ್ಲಿ ಹ ಆಗಿದೆ ಅಂತ. ಅಲ್ಲಿ ಹಾಗಲ್ಲ. ಅಮೆರಿಕದ ಪಾಲ್ ನ್ಯೂಮನ್ ಕಟ್ಟಿದ ಮೂಲ ಚಾಡಿಕ್ ರೂಪ ಫಕಾರದಿಂದ ಶುರುವಾಗುತ್ತದೆ. ಆ ಫ ಹೌಸಾದಲ್ಲಿ ಹ ಕಡೆಗೆ ಜಾರಿತು, ದಂಗಲೆಯಾತ್‌ನಲ್ಲಿ ಪ ಕಡೆಗೆ. ನಮ್ಮ ಮನೆಯ ಅನುಭವವನ್ನು ಇನ್ನೊಬ್ಬರ ಮನೆಗೆ ಸುಮ್ನೆ ಹೊತ್ತುಕೊಂಡು ಹೋಗಬಾರದು ಅಂತ ವಿದ್ಯಾರ್ಥಿಗಳಿಗೆ ಈ ಉದಾಹರಣೆಯನ್ನೇ ಕೊಡುತ್ತಿದ್ದೆ.

ಹಾಗಾದರೆ ಹೌಸಾಕ್ಕೆ ದಂಗಲೆಯಾತ್ ಎಷ್ಟು ಹತ್ತಿರ? ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. 1966ರಲ್ಲಿ ನ್ಯೂಮನ್ ಮತ್ತು ರಾಕ್ಸಾನಾ ಮಾ ಒಂದು ದೊಡ್ಡ ಲೇಖನ ಬರೆದರು. ಚಾಡಿಕ್ ನುಡಿಗಳ ಧ್ವನಿಗಳನ್ನು ಕ್ರಮವಾಗಿ ಹೋಲಿಸಿ ಮೂಲ ಪದಗಳನ್ನು ಕಟ್ಟಿದ್ದರು. ಅದರಲ್ಲಿ ಕೊಂಬೆಗಳು ಎರಡೇ. ಹೌಸಾ ಇರುವ ಪಶ್ಚಿಮದ ನುಡಿಗಳೂ ದಂಗಲೆಯಾತ್ ಇರುವ ಪೂರ್ವದ ನುಡಿಗಳೂ ಒಂದರಲ್ಲಿ, ನಡುವಿನ ಬಿಯು-ಮಂದಾರಾ ನುಡಿಗಳು ಇನ್ನೊಂದರಲ್ಲಿ. ಹರೆಯದಲ್ಲಿ ನಾನು ಓದಿದ್ದು ಅದನ್ನೇ. ದಂಗಲೆಯಾತ್ ಹೌಸಾದ ಖಾಸಾ ತಂಗಿ ಅಂತ ಎರಡು ವರ್ಷ ಪಾಠವನ್ನೂ ಮಾಡಿದೆ. ಆಮೇಲೆ ಗ್ರಂಥಾಲಯದಲ್ಲಿ ನ್ಯೂಮನ್ ಅವರ 1977ರ ಬರಹ ಸಿಕ್ಕಿತು. ಅದರಲ್ಲಿ ಅವರೇ ಹಳೆಯ ಎರಡು ಕೊಂಬೆಗಳನ್ನು ಬಿಟ್ಟು ನಾಲ್ಕು ಮಾಡಿದ್ದರು: ಪಶ್ಚಿಮ, ನಡು ಅಂದರೆ ಬಿಯು-ಮಂದಾರಾ, ಪೂರ್ವ, ಮತ್ತೆ ಮಾಸಾ. ದಂಗಲೆಯಾತ್ ಪೂರ್ವಕ್ಕೆ ಹೋಯಿತು. ಮರುದಿನ ತರಗತಿಯಲ್ಲಿ ಹಲ್ಲು ಕಿರಿಯುತ್ತಾ ತಿದ್ದಿಕೊಂಡೆ.

ಯಾಕೆ ಬದಲಾಯಿಸಿದರು ಅನ್ನುವುದು ತಿಳಿಯಬೇಕಾದ ವಿಷಯ. ಎರಡು ನುಡಿಗಳು ಹಳೆಯದನ್ನು ಉಳಿಸಿಕೊಂಡಿವೆ ಅಂತ ಅವು ಹತ್ತಿರ ಆಗುವುದಿಲ್ಲ. ಅಜ್ಜಿಯ ಒಡವೆ ಇಬ್ಬರು ಮೊಮ್ಮಕ್ಕಳ ಹತ್ತಿರ ಇದ್ದರೆ ಅವರು ಒಂದೇ ತಾಯಿಯ ಮಕ್ಕಳು ಅಂತ ಹೇಳಲು ಬರುತ್ತದೆಯೇ? ಬೇರೆ ಬೇರೆ ಮಗಳಂದಿರಿಗೂ ಸಿಕ್ಕಿರಬಹುದು. ಒಂದೇ ತಾಯಿ ಅನ್ನಬೇಕಾದರೆ ಇಬ್ಬರಲ್ಲೂ ಅಜ್ಜಿಗಿಲ್ಲದ ಒಂದು ಹೊಸ ಗುರುತು ಇರಬೇಕು. ಹೌಸಾ ಮತ್ತು ದಂಗಲೆಯಾತ್ ಎರಡರಲ್ಲೂ ಗಂಡು-ಹೆಣ್ಣು ಲಿಂಗಭೇದ ಗಟ್ಟಿಯಾಗಿದೆ. ನಡುವಿನ ಹಲವು ನುಡಿಗಳಲ್ಲಿ ಅದು ಸವೆದುಹೋಗಿದೆ. ನೋಡಿದರೆ ಮೊದಲಿನವೆರಡು ಒಂದು ಪಕ್ಷ ಅನ್ನಿಸುತ್ತದೆ. ಆದರೆ ಲಿಂಗಭೇದ ಮೂಲದಿಂದಲೇ ಬಂದ ಒಡವೆ. ಇವರಿಬ್ಬರೂ ಕಳೆದುಕೊಳ್ಳಲಿಲ್ಲ ಅಷ್ಟೆ.

ಮಾಸಾ ಬೇರೆ ಕೊಂಬೆಯೋ ನಡುವಿನದರ ಒಂದು ಟಿಸಿಲೋ ಅನ್ನುವ ಜಗಳ ಇನ್ನೂ ಇದೆ. ದಂಗಲೆಯಾತ್‌ಗೆ ಅದರಿಂದ ಬಾಧಕ ಇಲ್ಲ. ಮುಂದೆ ಹೋಗೋಣ.

ಪೂರ್ವ ಕೊಂಬೆಯಲ್ಲೂ ಎರಡು ಕವಲು. ಅವುಗಳಿಗೆ ಎ, ಬಿ ಅಂತ ನೀರಸ ಹೆಸರು. ಎ ಕವಲು ಚಾಡ್‌ನ ನೈರುತ್ಯಕ್ಕೆ, ಶಾರಿ ಮತ್ತು ಲೊಗೋನ್ ನದಿಗಳ ಕಡೆ ಇದೆ. ಕೇರಾ, ಲೇಲೆ, ತುಮಾಕ್ ಅಂಥ ನುಡಿಗಳು ಅವು. ಬಿ ಕವಲು ಗೇರಾ ಮತ್ತು ಅದರ ಪೂರ್ವಕ್ಕೆ. ದಂಗಲೆಯಾತ್, ಮಿಗಾಮಾ, ಬಿದಿಯಾ, ಮುಬಿ ಒಂದು ಗುಂಪು. ಸೊಕೊರೊ ಮತ್ತು ಬರೈನ್ ಇನ್ನೊಂದು. ಮೊಕಿಲ್ಕೊ ಮಾತ್ರ ಯಾರ ಜೊತೆಗೂ ಸರಿಯಾಗಿ ಕೂರದೆ ಒಂಟಿಯಾಗಿ ನಿಂತಿದೆ. ಎ ಮತ್ತು ಬಿ ನಡುವೆ ದೂರ ಜಾಸ್ತಿ. ಒಂದೇ ಕೊಂಬೆ ಅಂತ ಬರೆಯುತ್ತಾರಾದರೂ ಕೇರಾ ಆಡುವವರು ದಂಗಲೆಯಾತ್ ಕೇಳಿದರೆ ಒಂದು ಮಾತೂ ತಿಳಿಯುವುದಿಲ್ಲ. ಮಿಗಾಮಾ, ಬಿದಿಯಾ ಹಾಗಲ್ಲ. ಪಟ್ಟಿ ಮಾಡಿ ಪಕ್ಕ ಇಟ್ಟರೆ ಭಾಷಾವಿಜ್ಞಾನ ಓದದವರಿಗೂ ಮುಖ ಹೋಲಿಕೆ ಕಾಣುತ್ತದೆ.

ನುಡಿಯ ಒಳಗೆ ಸ್ವಲ್ಪ ಹೋಗೋಣ. ಪ್ರಾಜೆಕ್ಟ್‌ಗೆ ಇದು ಬೇಕಾಗದೆ ಇರಬಹುದು, ನಿಮ್ಮ ಮಗಳಿಗೆ ಇಷ್ಟವಾಗುತ್ತದೆ.

ಆ ಡಕಾರದ ಮಾತು ಬಾಕಿ ಇತ್ತು. ನಾವು ಬ, ಡ ಅನ್ನುವಾಗ ಉಸಿರು ಹೊರಗೆ ಹೋಗುತ್ತದೆ. ಚಾಡಿಕ್ ನುಡಿಗಳಲ್ಲಿ ಅದರ ಜೊತೆಗೆ ಇನ್ನೊಂದು ಬಗೆಯ ಬ, ಡ ಇವೆ. ಗಂಟಲಮಣಿಯನ್ನು ಕೆಳಗೆ ಜಗ್ಗಿ, ಉಸಿರನ್ನು ಒಳಗೆ ಗುಟುಕರಿಸಿದ ಹಾಗೆ ಅನ್ನಬೇಕು. ಭಾರತದಲ್ಲಿ ಸಿಂಧಿ ಆಡುವವರ ಬಾಯಲ್ಲಿ ಇಂಥ ಧ್ವನಿ ಕೇಳಬಹುದು. ದಂಗಲೆಯಾತ್‌ನಲ್ಲಿ ಜಕಾರಕ್ಕೂ ಹೀಗೆ ಒಳಗೆಳೆದ ಜೋಡಿ ಇದೆ. ನಾನು ಕನ್ನಡಿ ಮುಂದೆ ನಿಂತು ಕಲಿಯಲು ಹೋಗಿ ಬಿಕ್ಕಳಿಕೆ ಬರಿಸಿಕೊಂಡಿದ್ದೆ. ಇದರ ಮೇಲೆ ಸ್ವರದ ಏರಿಳಿತ ಕೂಡ ಅರ್ಥ ಬದಲಿಸುತ್ತದೆ. ಸ್ವರಗಳಲ್ಲಿ ಹ್ರಸ್ವ-ದೀರ್ಘ ಭೇದ ಇರುವುದು ನಮಗೆ ಸಮಾಧಾನ.

'ನೀನು' ಅನ್ನುವುದಕ್ಕೆ ಒಂದೇ ಪದ ಸಾಲದು. ಗಂಡಸಿಗೆ ಬೇರೆ, ಹೆಂಗಸಿಗೆ ಬೇರೆ. ಹೌಸಾದಲ್ಲೂ ಹಾಗೇ, ಗಂಡಿಗೆ ಕೈ, ಹೆಣ್ಣಿಗೆ ಕೇ. ಅರಬ್ಬಿಯಲ್ಲೂ ಅಂತ, ಅಂತಿ ಅಂತ ಎರಡಿವೆ. ಅವನು-ಅವಳು ಭೇದ ಜಗತ್ತಿನ ಎಷ್ಟೋ ನುಡಿಗಳಲ್ಲಿ ಸಿಗುತ್ತದೆ. ಎದುರಿಗೇ ನಿಂತವರಿಗೆ ಲಿಂಗಭೇದ ಮಾಡುವುದು ಅಪರೂಪ. ಇಂಥ ಅಪರೂಪದ ಗುಣ ಮೂರು ಕಡೆ ಒಟ್ಟಿಗೆ ಸಿಕ್ಕಿದಾಗ ಹಳೆಯ ನಂಟಿನ ವಾದಕ್ಕೆ ಬಲ ಬರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ದಂಗಲೆಯಾತ್ ವ್ಯಾಕರಣದಲ್ಲಿ ಗಂಡು, ಹೆಣ್ಣು ಬಿಟ್ಟು ಮೂರನೆಯದೊಂದು ಇದೆ, ರಾಶಿ ಅನ್ನೋಣ. ಕಾಳು, ಹುಳ, ಹುಲ್ಲು ಇಂಥವು ಗುಂಪಾಗಿಯೇ ಕಣ್ಣಿಗೆ ಬೀಳುತ್ತವೆ. ಮೂಲ ಪದವೇ ರಾಶಿಗೆ ಹೆಸರು. ಅದರಲ್ಲಿ ಒಂದನ್ನು ಎತ್ತಿ ಹೇಳಬೇಕಾದರೆ ಆಗ ಪದಕ್ಕೆ ಬಾಲ ಹಚ್ಚುತ್ತಾರೆ. ಕನ್ನಡದಲ್ಲಿ ಏಕವಚನ ಮೊದಲು, ಗಳು ಸೇರಿಸಿದರೆ ಬಹುವಚನ. ಅಲ್ಲಿ ಇಂಥ ಪದಗಳಲ್ಲಿ ಉಲ್ಟಾ. ಆದರೂ ನಮಗೆ ಪೂರ್ತಿ ಹೊಸದೇನಲ್ಲ. ಜೋಳ ಅಂದರೆ ರಾಶಿ, ಒಂದನ್ನು ಹೇಳಲು ಜೋಳದ ಕಾಳು ಅನ್ನುತ್ತೇವೆ. ಅರಬ್ಬಿಯಲ್ಲಿ ಇದು ಇನ್ನೂ ನಿಚ್ಚಳ: ಶಜರ್ ಅಂದರೆ ಮರಗಳು, ಶಜರಾ ಅಂದರೆ ಒಂದು ಮರ. ಅಂದ ಹಾಗೆ, ಗೇರಾದವರ ಊಟವೂ ಜೋಳ ಮತ್ತು ಸಜ್ಜೆಯೇ. ಈ ಎರಡೂ ಬೆಳೆ ಆಫ್ರಿಕಾದಲ್ಲೇ ಮೊದಲು ಪಳಗಿ, ಸಾವಿರಾರು ವರ್ಷ ಹಿಂದೆ ನಮ್ಮ ಕಡೆ ಬಂದವು. ಉತ್ತರ ಕರ್ನಾಟಕದ ರೊಟ್ಟಿಗೂ ಆ ನೆಲಕ್ಕೂ ಅಷ್ಟು ನಂಟು ಇದೆ. ನುಡಿಯ ನಂಟಲ್ಲ, ತಟ್ಟೆಯ ನಂಟು.

ಪೂರ್ವ ಚಾಡಿಕ್ ನುಡಿಗಳ ಬಗ್ಗೆ ವಿದ್ವಾಂಸರಿಗೆ ಇಷ್ಟು ಕುತೂಹಲ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಅಕ್ಕಾಡಿಯನ್ ಅಂತ ಮೆಸೊಪೊಟೇಮಿಯಾದ ಹಳೆಯ ಸೆಮಿಟಿಕ್ ನುಡಿ ಇತ್ತು. ಅದರಲ್ಲಿ ಇಪ್ರುಸ್ ಅಂದರೆ ಕೆಲಸ ಮುಗಿದದ್ದು, ಇಪರ್ರಸ್ ಅಂದರೆ ಮುಗಿಯದೆ ನಡೆಯುತ್ತಿರುವುದು. ವ್ಯತ್ಯಾಸ ಪದದ ಹೊಟ್ಟೆಯಲ್ಲಿದೆ: ಒಳಗೆ ಒಂದು ಅಕಾರ ಬಂತು, ವ್ಯಂಜನ ಇಮ್ಮಡಿಯಾಯಿತು. ಇದನ್ನೇ ಹೋಲುವ ಒಳಬದಲಾವಣೆ ದಂಗಲೆಯಾತ್‌ನ ನೆರೆಯ ಮುಬಿ ಮತ್ತು ಮಿಗಾಮಾ ಕ್ರಿಯಾಪದಗಳಲ್ಲಿ ಸಿಗುತ್ತದೆ. ಜರ್ಮನಿಯ ಹೆರ್ಮನ್ ಯುಂಗ್ರೈತ್‌ಮಾಯರ್ ದಶಕಗಟ್ಟಲೆ ಈ ನುಡಿಗಳ ಮೇಲೆ ಕೆಲಸ ಮಾ‌ಡಿದವರು. ಮೊಕಿಲ್ಕೊ, ಮಿಗಾಮಾ ನುಡಿಗಳ ಪದಕೋಶಗಳನ್ನೂ ತಂದರು. ಇದು ಮೂಲ ಆಫ್ರೋ-ಏಷಿಯಾಟಿಕ್‌ನಿಂದ ಉಳಿದ ಗುರುತು ಅನ್ನುವುದು ಅವರ ವಾದ. ನ್ಯೂಮನ್ ಮತ್ತು ರಸೆಲ್ ಶೂ ಕಟ್ಟಿದ ಮೂಲ ಚಾಡಿಕ್ ಕ್ರಿಯಾಪದದಲ್ಲಿ ಇದಕ್ಕೆ ಅಷ್ಟು ದೊಡ್ಡ ಪೀಠ ಇಲ್ಲ. ನನ್ನ ಅನಿಸಿಕೆ ಕೇಳಿದರೆ, ಯುಂಗ್ರೈತ್‌ಮಾಯರ್ ಕಂಡದ್ದರಲ್ಲಿ ಹುರುಳಿದೆ. ಆದರೆ ಅಕ್ಕಾಡಿಯನ್‌ಗೂ ಮಿಗಾಮಾಕ್ಕೂ ನಡುವೆ ಸಾವಿರಾರು ವರ್ಷಗಳ ಖಾಲಿ ಜಾಗ ಇದೆ. ಒಂದೇ ಜಿಗಿತಕ್ಕೆ ದಾಟುವುದು ಕಷ್ಟ. ದಂಗಲೆಯಾತ್ ಸ್ವತಃ ಈ ಜಗಳದಲ್ಲಿ ಮುಖ್ಯ ಸಾಕ್ಷಿಯಲ್ಲ. ಅದರ ಕ್ರಿಯಾಪದ ಹೆಚ್ಚಿನ ಕೆಲಸವನ್ನು ಬಾಲದಲ್ಲೇ ಮಾಡಿ ಮುಗಿಸುತ್ತದೆ.

ದಂಗಲೆಯಾತ್ ಮುಖ್ಯ ಸಾಕ್ಷಿಯಾದದ್ದು ಪದಗಳ ವಿಷಯದಲ್ಲಿ. ಅದಕ್ಕೆ ಕಾರಣ ಒಂದು ನಿಘಂಟು. ಗೇರಾದಲ್ಲಿ ಕೆಲಸ ಮಾಡಿದ ಜೆಸ್ವಿಟ್ ಪಾದ್ರಿ ಜಾಕ್ ಫೆದ್ರಿ 1971ರಲ್ಲಿ ದಂಗಲೆಯಾತ್-ಫ್ರೆಂಚ್ ನಿಘಂಟು ತಂದರು. ಮಂಗಳೂರಿನಲ್ಲಿ ಕಿಟೆಲ್ ಕನ್ನಡಕ್ಕೆ ಮಾಡಿದ್ದು ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ. ರಾಶಿ ಲಿಂಗದ ಬಗ್ಗೆ ಬರೆದವರೂ ಫೆದ್ರಿಯೇ. ಪೂರ್ವ ದಂಗಲೆಯಾತ್‌ನ ಕ್ರಿಯಾಪದಗಳ ಬಗ್ಗೆ ಎಬೊಬಿಸ್ಸೆ ಅವರ ಜರ್ಮನ್ ಪುಸ್ತಕ 1979ರಲ್ಲಿ ಬಂತು. 1999ರಲ್ಲಿ ಎರಿನ್ ಶೇ ಅಮೆರಿಕದಲ್ಲಿ ಅದೇ ಬಗೆಯ ಮೇಲೆ ಪ್ರಬಂಧ ಬರೆದರು. ಇಷ್ಟು ಸಾಮಗ್ರಿ ಪೂರ್ವ ಚಾಡಿಕ್‌ನ ಎಷ್ಟೋ ನುಡಿಗಳಿಗೆ ಇಲ್ಲ. ಹಾಗಾಗಿ ಹೋಲಿಕೆಯ ಪಟ್ಟಿಗಳಲ್ಲಿ ಪೂರ್ವದ ಪರವಾಗಿ ಕೈ ಎತ್ತುವುದು ಬಹಳ ಸಲ ದಂಗಲೆಯಾತ್. ಒಳಗಿನವರೇ ಬರೆದದ್ದು ಬೇಕಾದರೆ ಪಕ್ಕದ ಬಿದಿಯಾ ನೋಡಬೇಕು. ಆ ನುಡಿಯವರೇ ಆದ ಖಲೀಲ್ ಅಲಿಯೊ 1986ರಲ್ಲಿ ಅದರ ವಿವರಣೆ ಬರೆದರು. ಯುಂಗ್ರೈತ್‌ಮಾಯರ್ ಜೊತೆ ಸೇರಿ ಪದಕೋಶವನ್ನೂ ಮಾಡಿದರು.

ಇವತ್ತಿನ ಸ್ಥಿತಿ? ಮನೆಯಲ್ಲಿ ದಂಗಲೆಯಾತ್, ಸಂತೆಯಲ್ಲಿ ಅರಬ್ಬಿ, ಶಾಲೆಯಲ್ಲಿ ಫ್ರೆಂಚ್. ಬರ ಬಿದ್ದಾಗ, ವಿಶೇಷವಾಗಿ 1984-85ರ ಸಾಹೇಲ್ ಬರದಲ್ಲಿ, ಗೇರಾದಿಂದ ಬಹಳ ಜನ ರಾಜಧಾನಿಗೆ ಇಳಿದರು. 1987ರಲ್ಲಿ ಆಗಿನ ಅಧ್ಯಕ್ಷ ಹಿಸೇನ್ ಹಬ್ರೆಯ ಆಡಳಿತ ಹಜೆರಾಯ್ ಜನರ ಮೇಲೆ ಮುಗಿಬಿತ್ತು. ಆ ಆಡಳಿತದ ಅಪರಾಧಗಳಿಗಾಗಿ 2016ರಲ್ಲಿ ಸೆನೆಗಲ್ ದೇಶದ ಡಾಕರ್‌ನ ವಿಶೇಷ ನ್ಯಾಯಾಲಯ ಹಬ್ರೆಗೆ ಶಿಕ್ಷೆ ವಿಧಿಸಿತು. ನಗರಕ್ಕೆ ಬಂದವರ ಮಕ್ಕಳ ಬಾಯಲ್ಲಿ ಅರಬ್ಬಿ ಮುಂದೆ ಬಂದದ್ದು ಸಹಜ. ಬೆಂಗಳೂರಿನಲ್ಲಿ ಬೆಳೆದ ನಮ್ಮ ಮಕ್ಕಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಬೆಟ್ಟದ ಹಳ್ಳಿಗಳಲ್ಲಿ ನುಡಿ ಇನ್ನೂ ಮಕ್ಕಳ ಬಾಯಲ್ಲಿದೆ.

ಈಗ ಮರ. ಬುಡದಲ್ಲಿ ಆಫ್ರೋ-ಏಷಿಯಾಟಿಕ್ ಅಂತ ಬರೆಸಿ. ಒಂದು ಕೊಂಬೆ ಸೆಮಿಟಿಕ್, ಅರಬ್ಬಿ ಅದರ ತುದಿಗೆ. ಇನ್ನೊಂದು ಕೊಂಬೆ ಚಾಡಿಕ್. ಅದರಿಂದ ಪಶ್ಚಿಮ, ನಡು, ಪೂರ್ವ, ಮಾಸಾ ಅಂತ ನಾಲ್ಕು ಟಿಸಿಲು. ಹೌಸಾ ಪಶ್ಚಿಮಕ್ಕೆ, ದಂಗಲೆಯಾತ್ ಪೂರ್ವಕ್ಕೆ, ಅದರ ಅಕ್ಕಪಕ್ಕ ಮಿಗಾಮಾ ಮತ್ತು ಬಿದಿಯಾ. ಮಾಸಾದ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಎಳೆದರೆ ಸಾಕು. ಕೆಂಗಾ ಸೇರಿಸುವ ಆಸೆ ಇದ್ದರೆ ಅದಕ್ಕೆ ಹಾಳೆಯ ಇನ್ನೊಂದು ಮೂಲೆಯಲ್ಲಿ ಬೇರೆ ಮರ ನೆಡಬೇಕು. ಟೀಚರ್ ಯಾಕಮ್ಮ ಅಂತ ಕೇಳಿದರೆ ನೀರಿನ ಪದ ಹೇಳಲಿ.